ಅರ್ಜಿಯಲ್ಲಿ ಎರಡು ‘ಗೆ’

‘ಮುಖ್ಯ ಗುರುಗಳಿಗೆ ಮೂರು ದಿನದ ರಜೆಗೆ ಅರ್ಜಿ.’ ಕಲಬುರಗಿ ಜಿಲ್ಲೆಯ ಯಾವ ಶಾಲೆಗೆ ಹೋದರೂ ಇಂಥ ಸಾಲು ಸಿಗುತ್ತದೆ. ಇದರಲ್ಲಿ ‘ಗೆ’ ಎರಡು ಸಲ ಬಂದಿದೆ, ಕನ್ನಡದ ಕಿವಿಗೆ ಎರಡರಲ್ಲೂ ಭೇದ ಕಾಣುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮೊದಲನೆಯದು ‘ಟು’, ಎರಡನೆಯದು ‘ಫಾರ್’: ಅಪ್ಲಿಕೇಶನ್ ಟು ದ ಹೆಡ್‌ಮಾಸ್ಟರ್ ಫಾರ್ ತ್ರೀ ಡೇಸ್ ಲೀವ್. ಯಾರಿಗೆ ಅರ್ಜಿ ಎಂಬುದಕ್ಕೆ ಒಂದು ಪದ, ಯಾತಕ್ಕೆ ಎಂಬುದಕ್ಕೆ ಇನ್ನೊಂದು.

ಇಷ್ಟಕ್ಕೇ ಮುಗಿದಿದ್ದರೆ ನೆನಪಿಡುವುದು ಸುಲಭವಿತ್ತು. ತೊಗರಿಗೆ ಬೇಡಿಕೆ ಎಂದರೆ ‘ಡಿಮ್ಯಾಂಡ್ ಫಾರ್’. ಮಳೆ ಹೆಚ್ಚಾಗಿ ಬೆಳೆಗೆ ಹಾನಿಯಾದರೆ ‘ಡ್ಯಾಮೇಜ್ ಟು’. ಸಾಲಕ್ಕೆ ಬಡ್ಡಿ ‘ಇಂಟರೆಸ್ಟ್ ಆನ್’. ಬೆಂಕಿ ಅನಾಹುತಕ್ಕೆ ಕಾರಣ ‘ಕಾಜ್ ಆಫ್’. ಬಸ್ಸು ತಡವಾದದ್ದಕ್ಕೆ ಕಾರಣ ‘ರೀಸನ್ ಫಾರ್’. ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. ಕನ್ನಡದಲ್ಲಿ ನಾಮಪದವೂ ಒಂದೇ, ಪ್ರತ್ಯಯವೂ ಒಂದೇ. ಇಂಗ್ಲಿಷಿನಲ್ಲಿ ಘಟನೆಯನ್ನು ಉಂಟುಮಾಡಿದ್ದು ‘ಕಾಜ್’, ಅದರ ಬಾಲ ‘ಆಫ್’. ಕೇಳಿದವರಿಗೆ ಕೊಡುವ ವಿವರಣೆ, ಸಮಜಾಯಿಷಿ ‘ರೀಸನ್’, ಅದರ ಬಾಲ ‘ಫಾರ್’. ‘ರೀಸನ್ ಆಫ್ ಮೈ ಆಬ್ಸೆನ್ಸ್’ ಎಂಬ ತಪ್ಪು ಹುಟ್ಟುವುದು ಈ ಎರಡೂ ಕಲಬೆರಕೆಯಾದಾಗ.

ಅಂದರೆ ನಮ್ಮ ‘ಗೆ’ಯನ್ನೋ ‘ಕ್ಕೆ’ಯನ್ನೋ ನೋಡಿ ಇಂಗ್ಲಿಷಿನ ಪ್ರಿಪೊಸಿಷನ್ (‘ಟು’, ‘ಫಾರ್’ನಂಥ ಪುಟ್ಟ ಪದ) ಊಹಿಸಲು ಬರುವುದಿಲ್ಲ. ಅದನ್ನು ಆರಿಸುವುದು ಅದರ ಎಡಕ್ಕೆ ಕೂತ ನಾಮಪದ. ‘ಡಿಮ್ಯಾಂಡ್’ ತನ್ನ ‘ಫಾರ್’ ಅನ್ನು ಜೊತೆಗೇ ಕರೆದುಕೊಂಡು ಬರುತ್ತದೆ, ‘ಡ್ಯಾಮೇಜ್’ ತನ್ನ ‘ಟು’ ಅನ್ನು.

ಇದೇಕೆ ನಮಗೆ ಇಷ್ಟು ತೊಡಕು? ಬೀದರಿನ ಪೇಟೆಯಲ್ಲಿ ಬೆಳೆದ ಮಗುವಿಗೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಕನ್ನಡದಲ್ಲಿ ‘ಮನ್ಯಾಗ’, ಉರ್ದುವಿನಲ್ಲಿ ‘ಘರ್ ಮೇಂ’, ಮರಾಠಿಯಲ್ಲಿ ‘ಘರಾತ್’, ತೆಲುಗಿನಲ್ಲಿ ‘ಇಂಟ್ಲೋ’. ನಾಲ್ಕರಲ್ಲೂ ಮನೆ ಮೊದಲು, ‘ಒಳಗೆ’ ಎಂಬುದು ಆಮೇಲೆ. ಇಂಗ್ಲಿಷ್ ಮಾತ್ರ ‘ಇನ್ ದ ಹೌಸ್’ ಎಂದು ಅದನ್ನು ಮುಂದಕ್ಕೆ ತಂದು ಕೂರಿಸುತ್ತದೆ. ಇದು ಆಕಸ್ಮಿಕವಲ್ಲ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಹೋಲಿಸಿ ನೋಡಿದರು, ಆ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವ ಭಾಷೆಗಳು ಇಂಥ ಸಂಬಂಧಸೂಚಕಗಳನ್ನೂ ನಾಮಪದದ ನಂತರವೇ ಇಡುತ್ತವೆ ಎಂಬುದು ಅವರಿಗೆ ಕಂಡ ಒಲವು. ‘ನಾನು ರೊಟ್ಟಿ ತಿಂದೆ’ ಎನ್ನುವವರು ‘ಮನ್ಯಾಗ’ ಎನ್ನುತ್ತಾರೆ.

ಈ ಒಲವಿಗೆ ಒಂದು ಹೆಸರಾಂತ ಅಪವಾದವಿದೆ, ಅದೂ ನಮ್ಮ ಊರುಗಳಿಗೆ ಹಳೆಯ ಪರಿಚಯದ ಭಾಷೆ: ಪರ್ಶಿಯನ್. ಕ್ರಿಯಾಪದ ಕೊನೆಗೇ ಬಂದರೂ ‘ಒಳಗೆ’, ‘ಇಲ್ಲದೆ’ ಎಂಬಂಥವು ನಾಮಪದದ ಮುಂದೆ ನಿಲ್ಲುತ್ತವೆ. ಕಲಬುರಗಿ, ಆಮೇಲೆ ಬೀದರ್, ಬಹಮನಿಗಳ ರಾಜಧಾನಿಯಾಗಿದ್ದಾಗ ಆಸ್ಥಾನದ ಭಾಷೆ ಇದೇ. ‘ಬೇಕಾರ್’, ‘ಬೇನಾಮಿ’ ಎನ್ನುವಾಗ ಮೊದಲ ‘ಬೇ’ ಅದರ ಪಳೆಯುಳಿಕೆ, ‘ಇಲ್ಲದೆ’ ಎಂದು ಅರ್ಥ. ಕೆಲಸವಿಲ್ಲದ, ಹೆಸರಿಲ್ಲದ. ಉರ್ದುವಿನ ‘ದರ್ ಅಸಲ್’ನಲ್ಲಿ ‘ದರ್’ ಎಂದರೆ ‘ಒಳಗೆ’. ಇಂಗ್ಲಿಷಿನ ‘ಇನ್ ಫ್ಯಾಕ್ಟ್’ಗೆ ಜೋಡಣೆಯಲ್ಲೂ ಸಮ. ಪ್ರಿಪೊಸಿಷನ್ ನಮ್ಮ ನಾಲಿಗೆಗೆ ಪೂರ್ತಿ ಹೊಸತೇನಲ್ಲ.

ಇಂಗ್ಲಿಷಿಗೂ ಸಾವಿರ ವರ್ಷದ ಹಿಂದೆ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಕಾಲಕ್ರಮದಲ್ಲಿ ಸವೆದು ಹೋದವು, ಅವುಗಳ ಕೆಲಸ ಪ್ರಿಪೊಸಿಷನ್‌ಗಳ ತಲೆಗೆ ಬಿತ್ತು. ‘ಆಫ್’ ಮೂಲದಲ್ಲಿ ‘ಅಲ್ಲಿಂದ, ದೂರ’ ಎಂಬ ಅರ್ಥದ್ದು. ಲೈಟ್ ಆಫ್ ಮಾಡು ಎನ್ನುವಾಗಿನ ‘ಆಫ್’ ಅದರದೇ ಒಡಹುಟ್ಟು, ಇಂಗ್ಲಿಷಿನಲ್ಲಿ ಕಾಗುಣಿತವೂ ಉಚ್ಚಾರಣೆಯೂ ಈಗ ಬೇರೆ. ಕನ್ನಡ ಲಿಪಿಯಲ್ಲಿ ಬರೆದಾಗ ಎರಡೂ ಮತ್ತೆ ಒಂದಾಗುವುದು ತಮಾಷೆಯೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತುಗಳು ರಾಶಿ ರಾಶಿ ಬಂದವು. ‘ರೀಸನ್’, ‘ಕಾಜ್’, ‘ಡಿಮ್ಯಾಂಡ್’, ‘ಡ್ಯಾಮೇಜ್’ ಎಲ್ಲವೂ ಆ ದಾರಿಯವೇ. ಹೀಗೆ ಬೇರೆ ಬೇರೆ ಕಾಲದಲ್ಲಿ ಬಂದ ಪದಗಳಿಗೆ ಅಂಟಿದ ಬಾಲಗಳಲ್ಲಿ ಒಂದೇ ತರ್ಕ ಹುಡುಕುವುದು ವ್ಯರ್ಥ.

ಅತಿ ಹೆಚ್ಚು ತಪ್ಪಾಗುವ ಜಾಗ ಮಾತ್ರ ಬೇರೆಯೇ ಇದೆ. ಒಂದೇ ಪದ ಕ್ರಿಯಾಪದವಾದಾಗ ಬಾಲವಿಲ್ಲ, ನಾಮಪದವಾದಾಗ ಬಾಲ ಬೇಕು. ‘ವಿ ವಿಸಿಟೆಡ್ ಬೀದರ್ ಫೋರ್ಟ್’ ಸರಿ, ‘ಅವರ್ ವಿಸಿಟ್ ಟು ಬೀದರ್ ಫೋರ್ಟ್’ ಸರಿ. ‘ಆನ್ಸರ್ ದ ಕ್ವೆಶ್ಚನ್’ ಸರಿ, ‘ದ ಆನ್ಸರ್ ಟು ದ ಕ್ವೆಶ್ಚನ್’ ಸರಿ. ‘ದೇ ಡಿಸ್ಕಸ್ಡ್ ದ ರೋಡ್’ ಸರಿ, ‘ಎ ಡಿಸ್ಕಶನ್ ಅಬೌಟ್ ದ ರೋಡ್’ ಸರಿ. ‘ದ ವಿಲೇಜ್ ಲ್ಯಾಕ್ಸ್ ವಾಟರ್’ ಸರಿ, ‘ಲ್ಯಾಕ್ ಆಫ್ ವಾಟರ್’ ಸರಿ. ಎರಡನ್ನೂ ಬೆರೆಸಿದಾಗ ಬರುವುದೇ ‘ಡಿಸ್ಕಸ್ ಅಬೌಟ್’, ‘ರಿಕ್ವೆಸ್ಟ್ ಫಾರ್ ಲೀವ್’ ಎಂಬ ಕ್ರಿಯಾಪದಗಳು. ಅರ್ಜಿಯ ವಿಷಯದ ಸಾಲಿನಲ್ಲಿ ‘ರಿಕ್ವೆಸ್ಟ್ ಫಾರ್ ಲೀವ್’ ಎಂದು ಬರೆದರೆ ತಪ್ಪಿಲ್ಲ, ಅಲ್ಲಿ ಅದು ನಾಮಪದ. ಎರಡು ಸಾಲು ಕೆಳಗೆ ‘ಐ ರಿಕ್ವೆಸ್ಟ್ ಫಾರ್ ಲೀವ್’ ಎಂದೊಡನೆ ಮೇಷ್ಟ್ರ ಕೆಂಪು ಪೆನ್ನು ಎದ್ದು ಬರುತ್ತದೆ.

ಇದು ಇಂಗ್ಲಿಷಿನ ವಿಚಿತ್ರ ಹಠ ಎಂದುಕೊಳ್ಳಬೇಡಿ, ಕನ್ನಡವೂ ಹೀಗೇ ನಡೆದುಕೊಳ್ಳುತ್ತದೆ. ‘ರಸ್ತೆ ವಿಷಯವನ್ನು ಚರ್ಚಿಸಿದರು’ ಎನ್ನುತ್ತೇವೆ, ಆದರೆ ‘ವಿಷಯವನ್ನು ಚರ್ಚೆ’ ಎಂದು ಅಷ್ಟಕ್ಕೇ ನಿಲ್ಲಿಸಲು ಬರುವುದಿಲ್ಲ. ‘ವಿಷಯದ ಚರ್ಚೆ’ ಅಥವಾ ‘ವಿಷಯದ ಬಗ್ಗೆ ಚರ್ಚೆ’ ಆಗಬೇಕು. ‘ಅನ್ನು’ ಎಂಬ ಪ್ರತ್ಯಯ ಕ್ರಿಯಾಪದದ ಆಸರೆಯಲ್ಲಿ ಮಾತ್ರ ನಿಲ್ಲುತ್ತದೆ. ಕ್ರಿಯೆ ನಾಮಪದವಾದೊಡನೆ ಕರ್ಮಕ್ಕೆ ಬೇರೆ ಊರುಗೋಲು ಬೇಕು. ನಾವು ‘ಅ’ ಅಥವಾ ‘ಬಗ್ಗೆ’ ಕೊಡುತ್ತೇವೆ, ಇಂಗ್ಲಿಷ್ ಹೆಚ್ಚಾಗಿ ‘ಆಫ್’ ಕೊಡುತ್ತದೆ. 1961ರ ಅಮೆರಿಕನ್ ಬರಹಗಳಿಂದ ಬ್ರೌನ್ ವಿಶ್ವವಿದ್ಯಾಲಯದವರು ಕೂಡಿಹಾಕಿದ ಹತ್ತು ಲಕ್ಷ ಪದಗಳ ಸಂಗ್ರಹದಲ್ಲಿ ‘ಆಫ್’ 36,000ಕ್ಕೂ ಹೆಚ್ಚು ಸಲ ಬಂದಿದೆ, ‘ದ’ ಬಿಟ್ಟರೆ ಅದೇ ಎರಡನೆಯದು. ಊರುಗೋಲಾಗಿ ಎಷ್ಟು ದುಡಿಯುತ್ತಿದೆ ಎಂಬುದಕ್ಕೆ ಆ ಲೆಕ್ಕ ಸಾಕ್ಷಿ.

ಕ್ರಿಯಾಪದಕ್ಕೇ ಬಾಲವಿದ್ದರೆ ಮಾತ್ರ ಸಾಮಾನ್ಯವಾಗಿ ನಾಮಪದ ಅದನ್ನೇ ಉಳಿಸಿಕೊಳ್ಳುತ್ತದೆ. ‘ಡಿಪೆಂಡ್ ಆನ್’, ‘ಡಿಪೆಂಡೆನ್ಸ್ ಆನ್’. ‘ಅಪ್ಲೈ ಫಾರ್’, ‘ಅಪ್ಲಿಕೇಶನ್ ಫಾರ್’. ‘ಬಿಲೀವ್ ಇನ್’, ‘ಬಿಲೀಫ್ ಇನ್’. ಇಲ್ಲಿ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಏರಿಕೆ, ಇಳಿಕೆಯ ಮಾತುಗಳದ್ದು ಬೇರೆ ಗುಂಪು: ‘ರೈಸ್’, ‘ಫಾಲ್’, ‘ಇನ್‌ಕ್ರೀಸ್’, ‘ಡ್ರಾಪ್’, ‘ಚೇಂಜ್’. ಯಾವುದು ಏರಿತೋ ಅದಕ್ಕೆ ‘ಇನ್’, ಎಷ್ಟು ಏರಿತೋ ಅದಕ್ಕೆ ‘ಆಫ್’. ಉದಾಹರಣೆಗೆ ತೊಗರಿ ಕ್ವಿಂಟಲ್‌ಗೆ 7,000 ರೂಪಾಯಿಯಿಂದ 7,700 ಆಯಿತು ಎನ್ನೋಣ. ‘ಎ ರೈಸ್ ಇನ್ ಪ್ರೈಸ್’ ಎಂದು ವಸ್ತುವನ್ನು ಹೇಳಬೇಕು, ‘ಎ ರೈಸ್ ಆಫ್ 700 ರುಪೀಸ್’ ಅಥವಾ ‘ಎ ರೈಸ್ ಆಫ್ 10 ಪರ್ಸೆಂಟ್’ ಎಂದು ಪ್ರಮಾಣವನ್ನು. ಕ್ರಿಯಾಪದವಾದರೆ ಪ್ರಮಾಣಕ್ಕೆ ‘ಬೈ’: ‘ರೋಸ್ ಬೈ 700 ರುಪೀಸ್’. ಮುಟ್ಟಿದ ಮಟ್ಟಕ್ಕೆ ‘ಟು’: ‘ರೋಸ್ ಟು 7,700’. ‘ಬೈ’ ಮತ್ತು ‘ಟು’ ಅದಲುಬದಲಾದರೆ ವ್ಯಾಕರಣ ಕೆಡುವುದಿಲ್ಲ, ಲೆಕ್ಕ ಕೆಡುತ್ತದೆ. ‘ರೋಸ್ ಬೈ 7,700’ ಎಂದು ಬರೆದವರ ವರದಿಯಲ್ಲಿ ತೊಗರಿ ದುಪ್ಪಟ್ಟಿಗಿಂತ ಹೆಚ್ಚಾಗಿಬಿಡುತ್ತದೆ.

ಬಾಲ ಬದಲಾದರೆ ನಾಮಪದದ ಅರ್ಥವೇ ಬದಲಾಗುವುದೂ ಉಂಟು. ‘ಇಂಟರೆಸ್ಟ್ ಇನ್’ ಆಸಕ್ತಿ, ‘ಇಂಟರೆಸ್ಟ್ ಆನ್’ ಬಡ್ಡಿ. ‘ಟೇಸ್ಟ್ ಆಫ್’ ನಾಲಿಗೆಗೆ ಸಿಗುವ ರುಚಿ, ‘ಟೇಸ್ಟ್ ಫಾರ್’ ಒಂದು ವಸ್ತುವಿನ ಮೇಲಿನ ಆಸೆ, ‘ಟೇಸ್ಟ್ ಇನ್’ ಸಂಗೀತದಲ್ಲೋ ಉಡುಪಿನಲ್ಲೋ ಇರುವ ಅಭಿರುಚಿ. ‘ಅಥಾರಿಟಿ ಆನ್’ ಎಂದರೆ ಆ ವಿಷಯ ಬಲ್ಲವರು, ‘ಅಥಾರಿಟಿ ಓವರ್’ ಎಂದರೆ ಅಧಿಕಾರ. ಬಿದರಿ ಕಲೆ ಬಲ್ಲ ಪಂಡಿತರನ್ನು ಪರಿಚಯಿಸುವಾಗ ‘ಓವರ್’ ಹಾಕಿದರೆ ಕುಶಲಕರ್ಮಿಗಳನ್ನೆಲ್ಲ ಅವರ ಕೈಕೆಳಗೆ ಕೂರಿಸಿದಂತಾಗುತ್ತದೆ.

ಕನ್ನಡ ಕೈಹಿಡಿಯುವ ಜಾಗಗಳೂ ಇವೆ. ‘ಮೇಲೆ’ ಎನ್ನುವಲ್ಲಿ ಬಹುಪಾಲು ‘ಆನ್’ ಸರಿಹೊಂದುತ್ತದೆ: ಪರಿಣಾಮ, ಒತ್ತಡ, ತೆರಿಗೆ, ದಾಳಿ, ನಿಷೇಧ. ‘ನೀರಿನ ಕೊರತೆ’ಯ ‘ಅ’ಗೆ ‘ಆಫ್’ ನೇರ ಜೋಡಿ. ಆದರೆ ‘ಬಾಗಿಲ ಕೀಲಿಕೈ’ ಎನ್ನುವಾಗ ಅದೇ ‘ಅ’ ದಾರಿ ತಪ್ಪಿಸುತ್ತದೆ, ಇಂಗ್ಲಿಷಿನವರಿಗೆ ಅದು ‘ಕೀ ಟು ದ ಡೋರ್’. ‘ಬಗ್ಗೆ’ಯನ್ನಂತೂ ನಂಬಲೇಬೇಡಿ. ಕ್ರಿಕೆಟ್ ಬಗ್ಗೆ ಆಸಕ್ತಿ, ಹಿರಿಯರ ಬಗ್ಗೆ ಗೌರವ, ಗಣಿತದ ಬಗ್ಗೆ ಭಯ. ಮೂರಕ್ಕೂ ‘ಅಬೌಟ್’ ಹಾಕುವುದು ನಮ್ಮ ರೂಢಿ, ಬೇಕಾದದ್ದು ಕ್ರಮವಾಗಿ ‘ಇನ್’, ‘ಫಾರ್’, ‘ಆಫ್’.

ಕಲಿಯುವ ದಾರಿ ಸರಳ, ತುಸು ಬೇಸರದ್ದು. ಪದವನ್ನು ಒಂಟಿಯಾಗಿ ಬರೆದುಕೊಳ್ಳಬಾರದು. ನೋಟ್‌ಬುಕ್ಕಿನಲ್ಲಿ ‘ಸೊಲ್ಯೂಶನ್ = ಪರಿಹಾರ’ ಎಂದಿದ್ದರೆ ಅದು ಅರ್ಧ ಪದ; ‘ಸೊಲ್ಯೂಶನ್ ಟು ದ ಪ್ರಾಬ್ಲಮ್’ ಎಂದಿರಲಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಸಾಮಾನ್ಯವಾಗಿ ಅರ್ಥದ ಜೊತೆಗೇ ಪ್ರಿಪೊಸಿಷನ್ ಎದ್ದು ಕಾಣುವಂತೆ ಅಚ್ಚಾಗಿರುತ್ತದೆ, ನಾವು ಅರ್ಥವನ್ನಷ್ಟೇ ಓದಿ ಪುಟ ಮುಚ್ಚುತ್ತೇವೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ 1980ರಲ್ಲಿ ಶುರುಮಾಡಿದ ಯೋಜನೆ ಕೋಟ್ಯಂತರ ಪದಗಳ ನಿಜ ಬಳಕೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿತು. ಪದ ಯಾವುದರ ಜೊತೆ ಓಡಾಡುತ್ತದೆ ಎಂಬುದನ್ನು ಊಹೆಯಿಂದಲ್ಲ, ಎಣಿಕೆಯಿಂದ ಹೇಳುವ ನಿಘಂಟುಗಳಿಗೆ ಅದು ದಾರಿಮಾಡಿತು. ಈಗ ಇಂಥ ಸಂಗ್ರಹಗಳು ಮೊಬೈಲಿನಲ್ಲೇ ಸಿಗುತ್ತವೆ. ಸುಮ್ಮನೆ ಗೂಗಲ್‌ನಲ್ಲಿ ಹುಡುಕಿ ಎಷ್ಟು ಫಲಿತಾಂಶ ಬಂತು ಎಂದು ನೋಡುವುದು ಮಾತ್ರ ಅಪಾಯ. ‘ಡಿಸ್ಕಸ್ ಅಬೌಟ್’ ಕೂಡ ರಾಶಿಗಟ್ಟಲೆ ಬರುತ್ತದೆ, ಬರೆದವರೆಲ್ಲ ನಮ್ಮಂತೆಯೇ ‘ಬಗ್ಗೆ’ಯಿಂದ ಹೊರಟವರು.

ಸ್ಪರ್ಧಾತ್ಮಕ ಪರೀಕ್ಷೆಯ ಬಿಟ್ಟ ಸ್ಥಳ ಎದುರಾದಾಗ ಮೊದಲು ಎಡಗಡೆ ನೋಡಿ. ಅಲ್ಲಿರುವುದು ನಾಮಪದವೋ ಕ್ರಿಯಾಪದವೋ? ಅದರ ಮುಂದೆ ‘ಎ’, ‘ದ’, ‘ಮೈ’ ಇದ್ದರೆ ನಾಮಪದ. ಆಮೇಲೆ ಬಲಗಡೆ ನೋಡಿ: ಮನುಷ್ಯರೋ, ವಸ್ತುವೋ, ಮೊತ್ತವೋ? ‘ಎ ಚೆಕ್ ಡ್ಯಾಶ್ 500 ರುಪೀಸ್’ ಎಂದಿದ್ದರೆ ಬಲಗಡೆ ಮೊತ್ತವಿದೆ, ‘ಆಫ್’ ಹಾಕಲು ಕೈ ತುರಿಸುತ್ತದೆ. ಆದರೆ ‘ಚೆಕ್’ ಎಂಬ ನಾಮಪದ ಕೇಳುವುದು ‘ಫಾರ್’.