ಬೆಟ್ಟ ಉಬ್ಬಿತಾ, ಗಾಳಿ ಮೋಸ ಮಾಡಿತಾ?

ಬೊಲಿವಿಯಾದ ಉತುರುಂಕು ಜ್ವಾಲಾಮುಖಿ ಕೊನೆಯ ಸಲ ಬೆಂಕಿ ಉಗುಳಿದ್ದು ಎರಡೂವರೆ ಲಕ್ಷ ವರ್ಷಗಳಿಗೂ ಹಿಂದೆ. ಅದರ ಗೊಡವೆ ಯಾರಿಗೆ ಬೇಕಿತ್ತು? ಆದರೆ ಅಲ್ಲಿನ ನೆಲ ವರ್ಷಕ್ಕೆ 1ರಿಂದ 2 ಸೆಂಟಿಮೀಟರ್ ಮೇಲೇಳುತ್ತಿದೆ ಎಂದು 2002ರಲ್ಲಿ ಗೊತ್ತಾಯಿತು. ಇದನ್ನು ತಿಳಿಯಲು ಯಾರೂ ಬೆಟ್ಟ ಹತ್ತಿರಲಿಲ್ಲ. ಮ್ಯಾಥ್ಯೂ ಪ್ರಿಚರ್ಡ್ ಮತ್ತು ಮಾರ್ಕ್ ಸೈಮನ್ಸ್ ಎಂಬ ವಿಜ್ಞಾನಿಗಳು ಆಂಡೀಸ್ ಪರ್ವತಸಾಲಿನ ಸುಮಾರು 900 ಜ್ವಾಲಾಮುಖಿಗಳನ್ನು ಉಪಗ್ರಹದ ರೇಡಾರ್ ಚಿತ್ರಗಳಲ್ಲೇ ಜಾಲಾಡಿದ್ದರು. ನೆಲ ಕದಲುತ್ತಿದ್ದ ನಾಲ್ಕು ಜಾಗ ಸಿಕ್ಕವು. ನಾಲ್ಕೂ ಹೊಸ ಸುದ್ದಿಯೇ.

ಜ್ವಾಲಾಮುಖಿಯ ಮೈ ಉಬ್ಬುತ್ತದೆ, ಕುಗ್ಗುತ್ತದೆ ಎನ್ನುವುದು ಹಳೆಯ ಮಾತು. ಜಪಾನಿನ ಸಕುರಾಜಿಮಾ 1914ರಲ್ಲಿ ಸಿಡಿದಾಗ ಸುತ್ತಲಿನ ನೆಲ ಕುಸಿದಿತ್ತು. ಆ ಅಳತೆಗಳನ್ನು ಹಿಡಿದು, ಅಡಿಯಲ್ಲಿರುವ ಮ್ಯಾಗ್ಮಾ, ಅಂದರೆ ಕರಗಿದ ಬಂಡೆ, ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುವ ದಾರಿಯನ್ನು ಜಪಾನಿನ ವಿಜ್ಞಾನಿ ಮೋಗಿ 1958ರಲ್ಲಿ ತೋರಿಸಿದರು. ಅಮೆರಿಕದ ಸೇಂಟ್ ಹೆಲೆನ್ಸ್‌ನ ಉತ್ತರದ ಮಗ್ಗುಲು 1980ರಲ್ಲಿ ದಿನಕ್ಕೆ ಒಂದೂವರೆ ಮೀಟರಿಗೂ ಜಾಸ್ತಿ ಉಬ್ಬುತ್ತಿತ್ತು. ಅಳೆಯಲು ಮಾತ್ರ ಯಾರಾದರೂ ಹತ್ತಿರ ಇರಲೇಬೇಕಿತ್ತು.

ರೇಡಾರ್ ಆ ಕಷ್ಟ ತಪ್ಪಿಸಿತು. ಉಪಗ್ರಹ ಕಳಿಸಿದ ಅಲೆ ನೆಲಕ್ಕೆ ಬಡಿದು ವಾಪಸ್ ಬರುತ್ತದೆ. ಬರುವಾಗ ಅಲೆ ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದೂ ದಾಖಲಾಗುತ್ತದೆ. ಕೆಲವು ವಾರ ಬಿಟ್ಟು ಅದೇ ಜಾಗದಿಂದ ಮತ್ತೆ ನೋಡಿ, ಎರಡನ್ನೂ ಹೋಲಿಸಿದರೆ ನೆಲ ಸರಿದದ್ದು ಬಣ್ಣದ ಬಳೆಗಳಾಗಿ ಕಾಣುತ್ತದೆ. 1991ರಲ್ಲಿ ಹಾರಿದ ಯುರೋಪಿನ ಇಆರ್‌ಎಸ್-1ರ ಅಲೆ ಸುಮಾರು 5.6 ಸೆಂಟಿಮೀಟರ್ ಉದ್ದ. ಅಲೆ ಹೋಗಿ ಬರುವುದರಿಂದ ಒಂದು ಬಳೆ ಎಂದರೆ ಅದರ ಅರ್ಧ, 2.8 ಸೆಂಟಿಮೀಟರ್. ಬಳೆ ಎಣಿಸಿದರೆ ಉಬ್ಬು ಎಷ್ಟೆಂದು ಸಿಕ್ಕಿತು. ಇನ್‌ಸಾರ್ ಎನ್ನುವುದು ಇದನ್ನೇ.

ಇಷ್ಟು ಸುಲಭವಾಗಿದ್ದರೆ ಚೆನ್ನಾಗಿತ್ತು. ಇಟಲಿಯ ಎಟ್ನಾ ಲಾವಾ ಹರಿಸಿ ಕುಗ್ಗಿದ್ದನ್ನು ಈ ಚಿತ್ರಗಳಲ್ಲಿ ಕಂಡಿದ್ದೇವೆ ಎಂದು ಫ್ರಾನ್ಸಿನ ಡಿಡಿಯೆ ಮಸೊನೆ ಮತ್ತು ಜೊತೆಯವರು 1995ರಲ್ಲಿ ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆಯವರು ಮತ್ತೆ ಲೆಕ್ಕ ಹಾಕಿದರು. ಕಂಡ ಬಳೆಗಳಲ್ಲಿ ಬಹುಪಾಲು ಗಾಳಿಯ ತೇವದ ಆಟ! ತೇವದ ಗಾಳಿಯಲ್ಲಿ ಅಲೆ ಸ್ವಲ್ಪ ತಡವಾಗುತ್ತದೆ. ಎಟ್ನಾ 3,300 ಮೀಟರ್ ಎತ್ತರದ ಬೆಟ್ಟ. ಬುಡದ ಮೇಲೆ ಇರುವಷ್ಟು ಗಾಳಿ ತುದಿಯ ಮೇಲಿಲ್ಲ. ಹಾಗಾಗಿ ಎರಡು ಚಿತ್ರಗಳ ನಡುವೆ ತೇವ ಬದಲಾದರೆ ಬೆಟ್ಟವೇ ಕದಲಿದಂತೆ ಕಾಣುತ್ತದೆ. ಈ ವಿದ್ಯೆಗೆ ಆದ ಅತಿ ಒಳ್ಳೆಯ ಮುಖಭಂಗ ಇದೇ ಅನ್ನಿಸುತ್ತದೆ ನನಗೆ. ಒಂದು ಜೋಡಿ ಚಿತ್ರ ನಂಬಿ ಕೂರಬಾರದು, ಹತ್ತಾರು ಬೇಕು ಎಂದು ಎಲ್ಲರೂ ಕಲಿತರು. 2014ರಿಂದ ಸೆಂಟಿನೆಲ್-1 ಉಪಗ್ರಹಗಳು 12 ದಿನಕ್ಕೊಮ್ಮೆ, ಎರಡು ಜೊತೆಗಿದ್ದಾಗ 6 ದಿನಕ್ಕೊಮ್ಮೆ, ಅದೇ ಜಾಗಕ್ಕೆ ಬರತೊಡಗಿದ ಮೇಲೆ ಅದು ಸಾಧ್ಯವಾಯಿತು. ಕಾಡಿನ ಬೆಟ್ಟಗಳಲ್ಲಿ ಎಲೆ ಅಲುಗಿದರೂ ಸಣ್ಣ ಅಲೆ ಕೆಡುತ್ತದೆ. ಅಲ್ಲಿಗೆ 24 ಸೆಂಟಿಮೀಟರಿನಷ್ಟು ಉದ್ದದ ಅಲೆಯೇ ಬೇಕು. 2025ರ ಜುಲೈನಲ್ಲಿ ಹಾರಿದ ಭಾರತ-ಅಮೆರಿಕ ಜಂಟಿ ಉಪಗ್ರಹ ನೈಸಾರ್‌ನಲ್ಲಿ ಅದಿದೆ.

ಸರಿ, ಉಬ್ಬಿದ್ದೆಲ್ಲ ಸಿಡಿಯುತ್ತದಾ? ಇಲ್ಲ. 198 ಜ್ವಾಲಾಮುಖಿಗಳ 18 ವರ್ಷಗಳ ರೇಡಾರ್ ದಾಖಲೆ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ನೆಲ ಕದಲಿದ್ದು 54ರಲ್ಲಿ, ಅವುಗಳ ಪೈಕಿ ಸಿಡಿದದ್ದು 25. ಸಿಡಿಯುವುದು ಖಚಿತ ಅನ್ನಿಸಿದಾಗಲೂ ಯಾವಾಗ ಎಂದು ಉಪಗ್ರಹ ಹೇಳುವುದಿಲ್ಲ. ಐಸ್‌ಲ್ಯಾಂಡ್‌ನ ಗ್ರಿಂದಾವಿಕ್‌ನಲ್ಲಿ ಹೀಗೇ ಆಯಿತು. ಸುಮಾರು 15 ಕಿಲೋಮೀಟರ್ ಉದ್ದದ ಬಿರುಕಿಗೆ ಮ್ಯಾಗ್ಮಾ ನುಗ್ಗಿತೆಂದು 2023ರ ನವೆಂಬರ್ 10ರ ರಾತ್ರಿ ಊರನ್ನೇ ಖಾಲಿ ಮಾಡಿಸಿದರು. ಲಾವಾ ಹೊರಬಂದದ್ದು ಡಿಸೆಂಬರ್ 18ಕ್ಕೆ.