ಕೆರೊಲಿನಾದ ನೀರುಗಂಟಿಗಳು

ನೀರಾವರಿ ತರಬೇತಿಗೆ ಬರುವ ಹುಡುಗರಿಗೆ ನಾನು ಅಮೆರಿಕದ ದಕ್ಷಿಣ ಕೆರೊಲಿನಾದ ಹಳೆಯ ಭತ್ತದ ಗದ್ದೆಗಳ ನಕ್ಷೆ ತೋರಿಸುತ್ತೇನೆ. ಇಂಗ್ಲಿಷರ ವಸಾಹತಿನ ಕಾಲದವು. ದುಡಿದವರು ಆಫ್ರಿಕಾದಿಂದ ತಂದ ಗುಲಾಮರು ಅಂದ ಕೂಡಲೇ ಯಾರಾದರೂ ಕೇಳುತ್ತಾರೆ: "ಅವರು ಬರೀ ಮಣ್ಣು ಹೊತ್ತರು, ಅಲ್ವಾ ಸರ್?" ಈ "ಬರೀ" ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ.

ಇನ್ನೊಮ್ಮೆ ಹೇಳುತ್ತೇನೆ. 18ನೇ ಶತಮಾನದ ನಡುವಿನಿಂದ ಅಲ್ಲಿ ಉಬ್ಬರದ ನೀರಿನಲ್ಲಿ ಭತ್ತ ಬೆಳೆಯಲು ಶುರು ಮಾಡಿದರು. ಸೈಪ್ರೆಸ್ ಮರಗಳ ಜೌಗು ಕಡಿದು, ಏರಿ ಹಾಕಿ, ತೂಬು ಇಟ್ಟರು. ಸಮುದ್ರ ಉಬ್ಬಿದಾಗ ನದಿಯ ಸಿಹಿನೀರು ಹಿಂದಕ್ಕೆ ಒತ್ತಿಕೊಂಡು ಮೇಲೇರುತ್ತದೆ. ಸಿಹಿನೀರು ಹಗುರ, ಮೇಲಿರುತ್ತದೆ. ಉಪ್ಪುನೀರು ಭಾರ, ಅಡಿಯಲ್ಲಿ ನುಗ್ಗುತ್ತದೆ. ಆ ಮೇಲಿನ ನೀರನ್ನಷ್ಟೇ ಗದ್ದೆಗೆ ಬಿಡಬೇಕು, ಇಳಿತದಲ್ಲಿ ಹೊರಗೆ ಹರಿಸಬೇಕು. ಮಳೆ ಕಮ್ಮಿಯಾದ ವರ್ಷ ಉಪ್ಪು ನದಿಯೊಳಗೆ ಇನ್ನೂ ದೂರ ಬರುತ್ತದೆ, ಆಗ ತೂಬು ತೆಗೆಯುವ ಹೊತ್ತು ತಪ್ಪಿದರೆ ಬೆಳೆ ಹೋದ ಹಾಗೇ. ಈ ತೂಬು ಕಾಯಲು ಒಬ್ಬ ಆಳು ಇರುತ್ತಿದ್ದ, ನಮ್ಮ ನೀರುಗಂಟಿಯ ಹಾಗೆ. ಅವನೂ ಗುಲಾಮನೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ಕರಾವಳಿಯ ಗದ್ದೆಗಳಲ್ಲಿ, ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವಲ್ಲಿ, ಒಬ್ಬ ಅಜ್ಜ ತಿಥಿ ಎಣಿಸಿ ಉಬ್ಬರ ಎಲ್ಲಿವರೆಗೆ ಬರುತ್ತದೆ ಅಂತ ಹೇಳಿಬಿಡುತ್ತಿದ್ದರು. ನಾನು ಅಳತೆಪಟ್ಟಿ ಹಿಡಿದು ಹೋಗಿ ನೋಡಿದರೆ ನೀರು ಅಲ್ಲೇ ನಿಂತಿರುತ್ತಿತ್ತು. ಆವತ್ತಿನಿಂದ ತೂಬಿನ ಕೆಲಸವನ್ನು ಸುಮ್ನೆ ಕೂಲಿ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಎಲ್ಲ ವಿದ್ಯೆಯೂ ಆಫ್ರಿಕಾದ್ದೇ ಅಂತ ನಾನು ಹೇಳುತ್ತಿಲ್ಲ. ಏರಿ, ತೂಬು ಇಂಗ್ಲಿಷರಿಗೂ ಗೊತ್ತಿದ್ದವು. ಹೆಸರಾದ 'ಕೆರೊಲಿನಾ ಗೋಲ್ಡ್' ತಳಿಯೂ ಏಷ್ಯಾದ ಭತ್ತದ ಜಾತಿಯದು. ಇತಿಹಾಸಕಾರರು ಇದರ ಬಗ್ಗೆ ಇನ್ನೂ ವಾದ ಮಾಡುತ್ತಿದ್ದಾರೆ. ಆದರೆ ಪಶ್ಚಿಮ ಆಫ್ರಿಕಾದಲ್ಲಿ ಮೊದಲಿನಿಂದಲೂ ಭತ್ತ ಇತ್ತು, ಸ್ವಂತ ತಳಿಯೂ ಇತ್ತು. ದಕ್ಷಿಣ ಕೆರೊಲಿನಾದ ಬಂದರು ಚಾರ್ಲ್ಸ್‌ಟನ್‌ನಲ್ಲಿ ಮನುಷ್ಯರನ್ನು ಮಾರುವವರು 'ಭತ್ತದ ಕರಾವಳಿಯಿಂದ ಬಂದವರು' ಎಂದು ಜಾಹೀರಾತು ಕೊಡುತ್ತಿದ್ದರು. ಬರೀ ತೋಳ್ಬಲ ಸಾಕಿದ್ದರೆ ಊರು ಹೇಳುವ ಅಗತ್ಯ ಏನಿತ್ತು?

ಇನ್ನೊಂದು ಮಾತು. ಬೇಸಿಗೆಯಲ್ಲಿ ಮಲೇರಿಯಾಕ್ಕೆ ಹೆದರಿ ಎಷ್ಟೋ ಮಾಲೀಕರು ಗದ್ದೆ ಬಿಟ್ಟು ಊರು ಸೇರುತ್ತಿದ್ದರು. ಪೈರು ನಿಂತಿರುವ ಕಾಲವೇ ಅದು. ಜ್ವರದ ನೆಲದಲ್ಲಿ ಉಳಿದವರು ಒಬ್ಬ ಮೇಲ್ವಿಚಾರಕ ಮತ್ತು ಈ ಜನ. ಕಳೆ ಕೀಳುವವರಿಗೆ ದಿನಕ್ಕೆ ಕಾಲು ಎಕರೆ, ಅಂದರೆ ನಮ್ಮ ಲೆಕ್ಕದಲ್ಲಿ 10 ಗುಂಟೆ. ಕೊಯ್ಲಾದ ಮೇಲೆ ಚಳಿಯಲ್ಲಿ ಒರಳು, ಒನಕೆ.

1739ರ ಸೆಪ್ಟೆಂಬರ್ 9ರಂದು ದಕ್ಷಿಣ ಕೆರೊಲಿನಾದ ಸ್ಟೊನೊ ನದಿಯ ಹತ್ತಿರ ಗುಲಾಮರಲ್ಲಿ ಕೆಲವರು ದಂಗೆ ಎದ್ದರು. ಮರುವರ್ಷದ ಕಾನೂನು ಗುಲಾಮರಿಗೆ ಬರೆಯಲು ಕಲಿಸುವುದನ್ನೇ ಅಪರಾಧ ಮಾಡಿತು. ನಾವು ಇವತ್ತು ಓದುವ ಗದ್ದೆಯ ಲೆಕ್ಕಪುಸ್ತಕಗಳಲ್ಲಿ ತೂಬು ಕಾದವನ ಕೈಬರಹ ಹುಡುಕಿದರೆ ಎಲ್ಲಿ ಸಿಗಬೇಕು?