ಲೆಕ್ಕಕ್ಕೆ ಹೆದರಿ ಎಚ್‌ಆರ್ ಸೇರಬೇಡಿ

ಎಂಬಿಎಯಲ್ಲಿ ಎಚ್‌ಆರ್ (ಮಾನವ ಸಂಪನ್ಮೂಲ) ಯಾಕೆ ತಗೊಂಡಿರಿ ಎಂದು ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ. "ನನಗೆ ಜನರ ಜೊತೆ ಬೆರೆಯೋದು ಇಷ್ಟ ಮೇಡಂ." ಸ್ವಲ್ಪ ಕೆದಕಿದರೆ ಇನ್ನೊಂದು ಕಾರಣವೂ ಹೊರಬರುತ್ತದೆ. ಫೈನಾನ್ಸ್‌ನಲ್ಲಿ ಲೆಕ್ಕ ಜಾಸ್ತಿ, ಇಲ್ಲಿ ಆ ಕಾಟ ಇರಲ್ಲ ಅಲ್ವಾ ಎಂದು. ಕೆಲಸಕ್ಕೆ ಆಯ್ಕೆ ಮಾಡುವಾಗಲೂ, ಪಾಠ ಮಾಡಲು ಹೋದಾಗಲೂ ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಮೊದಲನೆಯ ಕಾರಣ ಒಳ್ಳೆಯದೇ, ಅಂಥವರು ನನಗೂ ಇಷ್ಟ. ಎರಡನೆಯದರ ಪೆಟ್ಟು ಮಾತ್ರ ಬೀಳುವುದು ನೀವು ಮುಂದೆ ನೋಡಿಕೊಳ್ಳಬೇಕಾದ ಜನರ ಮೇಲೆ.

ನೇಮಕಾತಿ, ಸಂಬಳ, ಕಾರ್ಮಿಕ ಕಾನೂನು ಎಲ್ಲ ಓದುತ್ತೀರಿ, ಅದನ್ನು ಬಿಡೋಣ. ಒಂದೇ ಒಂದು ಲೆಕ್ಕ ಹಿಡಿದು ಕೂರೋಣ. ಅಟ್ರಿಷನ್, ಅಂದರೆ ವರ್ಷದಲ್ಲಿ ನೂರಕ್ಕೆ ಎಷ್ಟು ಜನ ಕೆಲಸ ಬಿಟ್ಟು ಹೋದರು ಎಂಬುದು.

ಒಂದು ಕಂಪನಿಯಲ್ಲಿ ಸರಾಸರಿ 200 ಜನ ಇದ್ದಾರೆ ಎಂದುಕೊಳ್ಳಿ. ವರ್ಷದಲ್ಲಿ 40 ಜನ ಬಿಟ್ಟು ಹೋದರು. ಅಟ್ರಿಷನ್ ಶೇ 20. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಸರಿ, ಮುಂದೇನು ಮಾಡುತ್ತೀರಿ ಎಂದರೆ ಉತ್ತರ ಸಿದ್ಧ. ಸಂಬಳ ಏರಿಸೋಣ, ಟೀಮ್ ಔಟಿಂಗ್ ಮಾಡಿಸೋಣ. ಸ್ವಲ್ಪ ತಡೆಯಿರಿ. ಆ 40 ಜನ ಎದ್ದು ಹೋದದ್ದು ಎಷ್ಟು ಕುರ್ಚಿಗಳಿಂದ?

40 ಬೇರೆ ಬೇರೆ ಹುದ್ದೆಗಳಿಂದ ಒಬ್ಬೊಬ್ಬರು ಹೋಗಿರಬಹುದು. ಅಥವಾ 10 ಹುದ್ದೆಗಳು ಮಾತ್ರ, ಒಂದೊಂದೂ ವರ್ಷದಲ್ಲಿ ನಾಲ್ಕು ಸಲ ಖಾಲಿಯಾಗಿರಬಹುದು. ಆಗ ಉಳಿದ 190 ಹುದ್ದೆಗಳಲ್ಲಿ ಯಾರೂ ಕದಲಿಲ್ಲ ಎಂದಾಯಿತು. ಎರಡರಲ್ಲೂ ಅಟ್ರಿಷನ್ ಶೇ 20. ಆದರೆ ಕಾಯಿಲೆ ಒಂದೇ ಅಲ್ಲ. ಮೊದಲನೆಯದರಲ್ಲಿ ಸಂಬಳ ಹೊರಗಿನದಕ್ಕಿಂತ ಕಡಿಮೆ ಇರಬಹುದು, ಬಡ್ತಿಗೆ ದಾರಿ ಇಲ್ಲದಿರಬಹುದು. ಎರಡನೆಯದರಲ್ಲಿ ಎಲ್ಲರಿಗೂ ಸಂಬಳ ಏರಿಸಿದರೆ ಹಣ ಹೋಗುತ್ತದೆ, ಆ 10 ಕುರ್ಚಿಗಳು ಮತ್ತೆ ಖಾಲಿಯಾಗುತ್ತವೆ. ಅಲ್ಲಿ ಹುಡುಕಬೇಕಾದದ್ದು ಒಬ್ಬ ಸೂಪರ್‌ವೈಸರ್‌ನನ್ನೋ, ಒಂದು ಶಿಫ್ಟನ್ನೋ, ಸೇರಿಸಿಕೊಳ್ಳುವಾಗ ಹೇಳಿದ ಒಂದು ಸುಳ್ಳನ್ನೋ.

ಇದನ್ನು ತರಗತಿಯಲ್ಲಿ ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ವಾರ ಕಳೆದ ಮೇಲೆ ಪ್ರಾಜೆಕ್ಟ್ ತರುತ್ತಾರೆ, ಅದರಲ್ಲಿ ಮತ್ತೆ ಅದೇ ಒಂಟಿ ಶೇಕಡಾವಾರು. ಹಾಗಾಗಿ ಇನ್ನೊಮ್ಮೆ ಹೇಳುತ್ತೇನೆ. ಒಟ್ಟು ಸಂಖ್ಯೆಯನ್ನು ಒಡೆಯಿರಿ. ಯಾವ ಹುದ್ದೆಯಿಂದ ಹೋದರು, ಸೇರಿ ಎಷ್ಟು ದಿನಕ್ಕೆ ಹೋದರು, ಯಾರ ಕೈಕೆಳಗೆ ಇದ್ದರು, ಚೆನ್ನಾಗಿ ಕೆಲಸ ಮಾಡುತ್ತಿದ್ದವರೇ ಹೋದರಾ. ಒಡೆದ ಮೇಲೆ ಎಚ್ಚರವೂ ಬೇಕು. ಐದು ಜನರ ಟೀಮಿನಲ್ಲಿ ಒಬ್ಬರು ಹೋದರೂ ಅದು ಶೇ 20. ಅಷ್ಟಕ್ಕೇ ಮ್ಯಾನೇಜರ್ ಸರಿಯಿಲ್ಲ ಎಂದು ಬರೆದುಬಿಟ್ಟರೆ ಒಬ್ಬರ ಕೆಲಸಕ್ಕೇ ಕುತ್ತು. ಸಂಖ್ಯೆ ಎಲ್ಲಿ ವಿಚಾರಿಸಬೇಕು ಎಂದು ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಟರ್ನ್‌ಶಿಪ್‌ನಲ್ಲಿ ಎಕ್ಸಿಟ್ ಇಂಟರ್‌ವ್ಯೂ (ಕೆಲಸ ಬಿಡುವವರನ್ನು ಕಾರಣ ಕೇಳುವ) ಫಾರ್ಮುಗಳ ಕಟ್ಟನ್ನು ಎದುರಿಗಿಟ್ಟುಕೊಂಡು ಕೂತಿದ್ದಳು. ಎಲ್ಲ ಫಾರ್ಮಿನಲ್ಲೂ "ಒಳ್ಳೆಯ ಅವಕಾಶ ಸಿಕ್ಕಿತು" ಎಂದೇ ಇತ್ತು. ಹೋಗುವವರು ಮತ್ತೇನು ಬರೆಯುತ್ತಾರೆ, ಮುಂದೆ ಅನುಭವ ಪತ್ರ ಬೇಕಲ್ಲ! ಅವಳು ಕಾರಣದ ಕಾಲಮ್ ಬಿಟ್ಟು, ಸೇರಿದ ದಿನ ಮತ್ತು ಬಿಟ್ಟ ದಿನ ಎರಡನ್ನೇ ಎಕ್ಸೆಲ್‌ಗೆ ಹಾಕಿದಳು. ಹೆಚ್ಚಿನವರು ಮೂರು ತಿಂಗಳೊಳಗೆ ಹೋಗಿದ್ದರು, ಅದೂ ಒಂದೇ ವಿಭಾಗದಿಂದ. ಆಮೇಲೆ ಅಲ್ಲಿನವರ ಜೊತೆ ಮಾತಾಡುತ್ತಾ ಕೂತಳು. ಹಗಲು ಶಿಫ್ಟ್ ಎಂದು ಹೇಳಿ ಸೇರಿಸಿಕೊಂಡು, ಎರಡನೇ ವಾರದಿಂದ ರಾತ್ರಿ ಹಾಕುತ್ತಿದ್ದರಂತೆ. ಜನರ ಜೊತೆ ಬೆರೆಯುವ ಅವಳ ಗುಣ ಅಲ್ಲಿ ಕೆಲಸಕ್ಕೆ ಬಂತು ನೋಡಿ. ಆದರೆ ಯಾರ ಜೊತೆ ಮಾತಾಡಬೇಕು ಎಂದು ತೋರಿಸಿದ್ದು ಆ ಎರಡು ಕಾಲಮ್‌ಗಳು.

ತೃಪ್ತಿ ಸಮೀಕ್ಷೆಗಳದ್ದೂ ಇದೇ ಕಥೆ. ಐದಕ್ಕೆ ನಾಲ್ಕು ಅಂಕ ಬಂತೆಂದು ಖುಷಿಪಡುತ್ತಾರೆ. ಬೇಸತ್ತು ಬಿಟ್ಟು ಹೋದವರು ಆ ಸಮೀಕ್ಷೆಯಲ್ಲಿ ಇರುವುದೇ ಇಲ್ಲ.

ನಾಯಕತ್ವದ ಪಾಠದಲ್ಲಂತೂ ಸಂಖ್ಯೆ ಯಾಕೆ ಎಂದು ಕೇಳುವವರಿಗೆ ನಾನು ಹಾರ್ವರ್ಡ್‌ನ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಅವರ ಕೆಲಸ ಹೇಳುತ್ತೇನೆ. 1990ರ ದಶಕದಲ್ಲಿ ಅವರು ಆಸ್ಪತ್ರೆ ವಾರ್ಡ್‌ಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ನಾಯಕತ್ವ, ಒಳ್ಳೆಯ ಹೊಂದಾಣಿಕೆ ಇದ್ದ ವಾರ್ಡ್‌ಗಳಲ್ಲಿ ತಪ್ಪು ಕಡಿಮೆ ಇರಬೇಕು, ಅಲ್ವಾ? ಲೆಕ್ಕದಲ್ಲಿ ಜಾಸ್ತಿ ಕಂಡವು. ಅವರಿಗೆ ಹೊಳೆದ ವಿವರಣೆ ಏನೆಂದರೆ, ಅಲ್ಲಿನವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದರು. 1999ರಲ್ಲಿ ಟೀಮುಗಳ ಮಾನಸಿಕ ಸುರಕ್ಷತೆಯ, ಅಂದರೆ ಹೆದರದೆ ಬಾಯಿ ಬಿಡಬಹುದು ಎಂಬ ಭರವಸೆಯ ಬಗ್ಗೆ ಅವರು ಬರೆದ ಪ್ರಬಂಧಕ್ಕೆ ಇದೇ ಹಿನ್ನೆಲೆ. ನಿಮ್ಮ ಕಂಪನಿಯ ಒಂದು ವಿಭಾಗದಿಂದ ವರ್ಷವಿಡೀ ಒಂದೂ ದೂರು ಬರದಿದ್ದರೆ ಬಹುಮಾನ ಕೊಡುವ ಮುಂಚೆ ಅಲ್ಲಿಗೆ ಹೋಗಿ ಬನ್ನಿ. ನಿಜಕ್ಕೂ ಚೆನ್ನಾಗಿರಬಹುದು. ಬಾಯಿ ಬಿಡಲು ಭಯವೂ ಇರಬಹುದು. ಕೂತಲ್ಲೇ ಹೇಳಲು ಬರುವುದಿಲ್ಲ.

ದೊಡ್ಡ ಗಣಿತವೇನೂ ಬೇಡ. ಸರಾಸರಿ, ಶೇಕಡಾವಾರು, ಗುಂಪು ಮಾಡಿ ಹೋಲಿಸುವುದು ಬಂದರೆ ಶುರು ಮಾಡಬಹುದು. ಒಂದೆರಡು ವರ್ಷ ಎಲ್ಲಾದರೂ ಕೆಲಸ ಮಾಡಿ ಆಮೇಲೆ ಓದಲು ಬಂದವರಿಗೆ ಇದು ಬೇಗ ಹತ್ತುತ್ತದೆ. ಕೆಟ್ಟ ಮ್ಯಾನೇಜರ್ ಹೇಗಿರುತ್ತಾರೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ನೇರ ಡಿಗ್ರಿಯಿಂದ ಬರುವವರು ಪ್ರವೇಶಕ್ಕೆ ಮುಂಚೆ ಎರಡು ಪ್ರಶ್ನೆ ಕೇಳಿ. ಅಂಕಿಅಂಶದ ಪಾಠದಲ್ಲಿ, ಹೆಸರು ಅಳಿಸಿದ, ನಿಜವಾದ ನೌಕರರ ಡೇಟಾ ಕೊಡುತ್ತೀರಾ, ಸುಮ್ನೆ ಪುಸ್ತಕದ ಉದಾಹರಣೆಗಳನ್ನೇ ಮಾಡಿಸುತ್ತೀರಾ? ಪ್ರಾಜೆಕ್ಟಿಗೆ ಯಾವುದಾದರೂ ಕಂಪನಿಯೊಳಗೆ ಕಳಿಸುತ್ತೀರಾ, ಗೆಳೆಯರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೂ ನಡೆಯುತ್ತದಾ? ಎರಡನೆಯದಕ್ಕೆ "ನಡೆಯುತ್ತೆ" ಎಂದರೆ ಬೇರೆ ಕಾಲೇಜನ್ನೂ ನೋಡಿ.